ಸೂರ್ಯಾಸ್ತದ ದಿಗಂತವನ್ನು ಬೆಸೆಯುವ ಬಗೆ

ಸಂಜೆಯ ಬಯಲನ್ನು ಎಡದಿಂದ ಬಲಕ್ಕೆ ಹಲವು ಛಾಯಾಚಿತ್ರಗಳಲ್ಲಿ ತೆಗೆದು, ಅವನ್ನು ಗಣಕದಲ್ಲಿ ಬೆಸೆದು ಒಂದೇ ವಿಶಾಲ ಚಿತ್ರವಾಗಿಸಲು ಹೊರಟವರಲ್ಲಿ ಬಹುಪಾಲು ಮಂದಿಗೆ ಎದುರಾಗುವ ತೊಡಕುಗಳು ಒಂದೇ ಬಗೆಯವು. ಆಕಾಶದಲ್ಲಿ ಮೇಲಿನಿಂದ ಕೆಳಕ್ಕೆ ಪಟ್ಟೆಗಳು ಮೂಡುತ್ತವೆ, ಒಂದು ಚಿತ್ರದಲ್ಲಿ ಕೇಸರಿಯಾಗಿರುವ ಮೋಡ ಪಕ್ಕದ ಚಿತ್ರದಲ್ಲಿ ತಿಳಿಹಳದಿಯಾಗಿರುತ್ತದೆ, ದಿಗಂತದ ಗೆರೆ ನೇರವಾಗಿರದೆ ಬಳುಕುತ್ತದೆ, ಹತ್ತಿರದ ಕಂಬವೊಂದು ನಡುವೆ ತುಂಡಾಗಿ ಎರಡು ಕಡೆ ಕಾಣಿಸುತ್ತದೆ. ಇವುಗಳಲ್ಲಿ ಹೆಚ್ಚಿನವು ಬೆಸೆಯುವ ತಂತ್ರಾಂಶದ ದೋಷಗಳಲ್ಲ. ಚಿತ್ರ ತೆಗೆಯುವಾಗ ಸ್ಥಿರವಾಗಿರಬೇಕಾದ ಸಂಗತಿಗಳು ಸ್ಥಿರವಾಗಿರದೆ ಹೋದದ್ದರಿಂದ ಹುಟ್ಟಿದವು. ಸೂರ್ಯಾಸ್ತದ ಬೆಳಕು ಕ್ಷಣಕ್ಷಣಕ್ಕೂ ಬದಲಾಗುತ್ತಿರುವುದರಿಂದ ಕ್ಯಾಮೆರಾದ ಕಡೆಯಿಂದ ಯಾವುದೂ ಬದಲಾಗದಂತೆ ನೋಡಿಕೊಳ್ಳುವುದೇ ಈ ಕೆಲಸದ ತಿರುಳು, ಮತ್ತು ಮುಂದೆ ವಿವರಿಸಿರುವ ಪ್ರತಿಯೊಂದು ಹೆಜ್ಜೆಯೂ ಈ ಒಂದು ನಿಯಮದಿಂದಲೇ ಹೊರಡುತ್ತದೆ.

ಈ ಕಲೆಯನ್ನು ಅರಿಯಲು ನೆದರ್ಲೆಂಡ್ಸ್‌ನ ಕಾಪೆಲ್ಲೆ ಆನ್ ಡೆನ್ ಐಸೆಲ್ ಎಂಬ ಊರು ಒಳ್ಳೆಯ ಉದಾಹರಣೆ. ರಾಟರ್‌ಡ್ಯಾಮ್ ನಗರಕ್ಕೆ ಪೂರ್ವದಲ್ಲಿ ಅಂಟಿಕೊಂಡು, ಹಾಲಂಡ್ಸೆ ಐಸೆಲ್ ನದಿಯ ದಂಡೆಯಲ್ಲಿರುವ ಈ ಊರಿನ ಸುತ್ತಲೂ ಬೆಟ್ಟಗುಡ್ಡಗಳಿಲ್ಲ. ನೆಲದ ಬಹುಭಾಗ ಸಮುದ್ರಮಟ್ಟಕ್ಕಿಂತ ಕೆಳಗಿರುವ ಪೋಲ್ಡರ್, ಅಂದರೆ ನೀರನ್ನು ಹೊರಹಾಕಿ ಸುತ್ತ ಏರಿ ಕಟ್ಟಿ ಉಳಿಸಿಕೊಂಡ ಭೂಮಿ. ಪ್ಯಾನೊರಮಾ ಬೆಸೆಯುವವರಲ್ಲಿ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಪಿಟಿಗುಯಿ ತಂತ್ರಾಂಶವನ್ನು ರೂಪಿಸಿದ ನ್ಯೂ ಹೌಸ್ ಇಂಟರ್ನೆಟ್ ಸರ್ವಿಸಸ್ ಎಂಬ ಸಂಸ್ಥೆಯೂ ನೆದರ್ಲೆಂಡ್ಸ್‌ನದೇ. ಇಂಥ ನೋಟದ ಹಂಬಲ ಆ ದೇಶಕ್ಕೆ ಹೊಸದಲ್ಲ: 17ನೆಯ ಶತಮಾನದ ಡಚ್ ಚಿತ್ರಕಾರರಾದ ಯಾಕೊಬ್ ಫಾನ್ ರೌಸ್ಡಾಲ್ ಮತ್ತು ಫಿಲಿಪ್ಸ್ ಕೋನಿಂಕ್ ದಿಗಂತವನ್ನು ತಗ್ಗಿನಲ್ಲಿರಿಸಿ ಆಕಾಶಕ್ಕೆ ವಿಶಾಲ ಜಾಗ ಬಿಟ್ಟರು, 1881ರಲ್ಲಿ ಹೆಂಡ್ರಿಕ್ ವಿಲ್ಲೆಮ್ ಮೆಸ್ಡಾಖ್ ಹೇಗ್ ನಗರದಲ್ಲಿ ಸುಮಾರು 14 ಮೀಟರ್ ಎತ್ತರ, 120 ಮೀಟರ್ ಸುತ್ತಳತೆಯ ವೃತ್ತಾಕಾರದ ಕಡಲತೀರದ ಚಿತ್ರವನ್ನು ಪೂರ್ಣಗೊಳಿಸಿದರು, ಮತ್ತು ಅದು ಇಂದಿಗೂ ಅಲ್ಲಿಯೇ ಪ್ರದರ್ಶನದಲ್ಲಿದೆ.

ಅಗಲ ಲೆನ್ಸ್ ಇರುವಾಗ ಬೆಸೆಯುವುದೇಕೆ

ಅಗಲ ನೋಟದ ಲೆನ್ಸ್ ಒಂದರಿಂದಲೇ ಇಡೀ ಬಯಲನ್ನು ಹಿಡಿಯಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಅದಕ್ಕೆ ಉತ್ತರ ಗಾತ್ರದ ಲೆಕ್ಕದಲ್ಲಿದೆ. 36 ಮಿ.ಮೀ. ಅಗಲದ ಸಂವೇದಕವುಳ್ಳ, 6,000 ಪಿಕ್ಸೆಲ್ ಅಗಲದ ಚಿತ್ರ ಕೊಡುವ ಕ್ಯಾಮೆರಾವನ್ನು ಪರಿಗಣಿಸಿದರೆ, 500 ಮೀಟರ್ ದೂರದಲ್ಲಿ ನಿಂತ 45 ಮೀಟರ್ ಎತ್ತರದ ಗೋಪುರವು 16 ಮಿ.ಮೀ. ಲೆನ್ಸಿನ ಚಿತ್ರದಲ್ಲಿ ಸುಮಾರು 240 ಪಿಕ್ಸೆಲ್‌ಗಳಷ್ಟೇ ಎತ್ತರವಾಗಿ ಮೂಡುತ್ತದೆ. ಅದೇ ಗೋಪುರ 50 ಮಿ.ಮೀ. ಲೆನ್ಸಿನಲ್ಲಿ ಸುಮಾರು 750 ಪಿಕ್ಸೆಲ್ ಎತ್ತರ ಪಡೆಯುತ್ತದೆ. ಚಪ್ಪಟೆ ನೆಲದಲ್ಲಿ ಕಣ್ಣಿಗೆ ಸಿಗುವ ವಸ್ತುಗಳೆಲ್ಲ ದಿಗಂತದ ಗೆರೆಯ ಮೇಲೆಯೇ ಇರುವುದರಿಂದ, ಅಗಲ ಲೆನ್ಸ್ ಅವನ್ನೆಲ್ಲ ಕುಗ್ಗಿಸಿ, ಮೇಲೆ ಬರಿಯ ಆಕಾಶವನ್ನೂ ಕೆಳಗೆ ಬರಿಯ ಹುಲ್ಲನ್ನೂ ತುಂಬಿಬಿಡುತ್ತದೆ. ಸಾಮಾನ್ಯ ಲೆನ್ಸಿನಲ್ಲಿ ತೆಗೆದ ಚಿತ್ರಗಳನ್ನು ಬೆಸೆದಾಗ ಮಾತ್ರ ದೂರದ ಸೇತುವೆ, ದೋಣಿ, ಗಾಳಿಯಂತ್ರಗಳು ಕಣ್ಣಿಗೆ ಕಂಡ ಗಾತ್ರವನ್ನು ಉಳಿಸಿಕೊಳ್ಳುತ್ತವೆ. ಪ್ಯಾನೊರಮಾದ ನಿಜವಾದ ಲಾಭವೆಂದರೆ ಅಗಲಕ್ಕಿಂತ ಹೆಚ್ಚಾಗಿ, ದಿಗಂತಕ್ಕೆ ಅದರ ಸಹಜ ಗಾತ್ರ ದೊರಕುವುದು.

ಎರಡನೆಯ ಲಾಭ ವಿವರದ್ದು. ಅದೇ 50 ಮಿ.ಮೀ. ಲೆನ್ಸಿನಿಂದ ಕ್ಯಾಮೆರಾವನ್ನು ನಿಲುವಾಗಿ ಹಿಡಿದು 180 ಡಿಗ್ರಿಗಳ ನೋಟವನ್ನು ಬೆಸೆದರೆ ಸುಮಾರು 26,000 ಪಿಕ್ಸೆಲ್ ಅಗಲದ ಚಿತ್ರ ಸಿಗುತ್ತದೆ. ಇಂಚಿಗೆ 300 ಚುಕ್ಕೆಗಳಂತೆ ಮುದ್ರಿಸಿದರೆ ಅದು ಎರಡು ಮೀಟರಿಗಿಂತಲೂ ಉದ್ದವಾಗಿ ಗೋಡೆಯನ್ನು ತುಂಬಬಲ್ಲದು.

ಅಕ್ಷಾಂಶ ಮತ್ತು ಮುಸ್ಸಂಜೆಯ ಅವಧಿ

ಸೂರ್ಯ ಎಷ್ಟು ಬೇಗ ಮುಳುಗುತ್ತಾನೆ ಎಂಬುದು ಸ್ಥಳದ ಅಕ್ಷಾಂಶವನ್ನು ಅವಲಂಬಿಸಿದೆ. ಸಮಭಾಜಕ ವೃತ್ತದ ಸಮೀಪದಲ್ಲಿ ಸೂರ್ಯ ದಿಗಂತಕ್ಕೆ ಹೆಚ್ಚುಕಡಿಮೆ ನೇರವಾಗಿ ಇಳಿಯುತ್ತಾನೆ. ಉತ್ತರಕ್ಕೆ ಹೋದಂತೆಲ್ಲ ಅವನ ಹಾದಿ ಓರೆಯಾಗುತ್ತದೆ. ಸುಮಾರು 52 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಕಾಪೆಲ್ಲೆಯಲ್ಲಿ ಮಾರ್ಚ್ ಮತ್ತು ಸೆಪ್ಟೆಂಬರಿನ ಸಮರಾತ್ರಿಯ ದಿನಗಳಂದು ಸೂರ್ಯ ಗಂಟೆಗೆ ಸುಮಾರು 9 ಡಿಗ್ರಿಗಳಷ್ಟು ಇಳಿದರೆ, 13 ಡಿಗ್ರಿ ಅಕ್ಷಾಂಶದ ಬೆಂಗಳೂರಿನಲ್ಲಿ ಗಂಟೆಗೆ 14 ಡಿಗ್ರಿಗಿಂತ ಹೆಚ್ಚು ಇಳಿಯುತ್ತಾನೆ. ಸೂರ್ಯಬಿಂಬ ದಿಗಂತವನ್ನು ಮುಟ್ಟಿದ ಕ್ಷಣದಿಂದ ಪೂರ್ಣ ಮರೆಯಾಗುವವರೆಗೆ ಬೆಂಗಳೂರಿನಲ್ಲಿ ಎರಡು ನಿಮಿಷಗಳಿಗಿಂತ ತುಸು ಹೆಚ್ಚು ಸಾಕು. ಕಾಪೆಲ್ಲೆಯಲ್ಲಿ ಮಾರ್ಚ್ ತಿಂಗಳಲ್ಲಿ ಮೂರೂವರೆ, ಜೂನ್ ಮತ್ತು ಡಿಸೆಂಬರ್‌ಗಳಲ್ಲಿ ನಾಲ್ಕೂವರೆ ನಿಮಿಷಗಳ ಆಸುಪಾಸು ಹಿಡಿಯುತ್ತದೆ. ಬಿಂಬ ಮರೆಯಾದ ಮೇಲೆ ಉಳಿಯುವ ಮುಸ್ಸಂಜೆಯ ಬೆಳಕು, ಸೂರ್ಯ ದಿಗಂತಕ್ಕಿಂತ 6 ಡಿಗ್ರಿ ಕೆಳಗಿಳಿಯುವವರೆಗೆ ಲೆಕ್ಕ ಹಾಕಿದರೆ, ಬೆಂಗಳೂರಿನಲ್ಲಿ 20ರಿಂದ 23 ನಿಮಿಷಗಳಷ್ಟು, ಕಾಪೆಲ್ಲೆಯಲ್ಲಿ ಜೂನ್ ತಿಂಗಳಲ್ಲಿ ಮುಕ್ಕಾಲು ಗಂಟೆಗಿಂತಲೂ ಹೆಚ್ಚು ಹೊತ್ತು ಇರುತ್ತದೆ. ಬೆಸೆಯಬೇಕಾದ ಚಿತ್ರಗಳನ್ನು ಒಂದೇ ಬೆಳಕಿನಲ್ಲಿ ತೆಗೆಯಬೇಕಾಗಿರುವುದರಿಂದ, ಈ ನಿಧಾನವು ಉತ್ತರದ ನಾಡುಗಳ ಛಾಯಾಗ್ರಾಹಕರಿಗೆ ದೊಡ್ಡ ಅನುಕೂಲ.

ಸೂರ್ಯ ಮುಳುಗುವ ದಿಕ್ಕೂ ಋತುವಿಗೆ ತಕ್ಕಂತೆ ಬದಲಾಗುತ್ತದೆ. ಉತ್ತರದಿಂದ ಬಲಕ್ಕೆ ಅಳೆದ ಕೋನದಲ್ಲಿ ಹೇಳುವುದಾದರೆ, ಕಾಪೆಲ್ಲೆಯಲ್ಲಿ ಡಿಸೆಂಬರ್ ಕೊನೆಯ ಸೂರ್ಯ ಸುಮಾರು 230 ಡಿಗ್ರಿಯಲ್ಲಿ, ಅಂದರೆ ನೈಋತ್ಯದಲ್ಲಿ, ಸಂಜೆ ನಾಲ್ಕೂವರೆಗೇ ಮುಳುಗಿದರೆ, ಜೂನ್ ಸೂರ್ಯ ಸುಮಾರು 311 ಡಿಗ್ರಿಯಲ್ಲಿ, ಅಂದರೆ ವಾಯವ್ಯದಲ್ಲಿ, ಬೇಸಿಗೆ ಗಡಿಯಾರದ ಪ್ರಕಾರ ರಾತ್ರಿ ಹತ್ತರ ನಂತರ ಮುಳುಗುತ್ತಾನೆ. ಈ 80 ಡಿಗ್ರಿಗಳ ಅಂತರ ಬೆಂಗಳೂರಿನಲ್ಲಿ 50 ಡಿಗ್ರಿಗೂ ಕಡಿಮೆ. ಆದ್ದರಿಂದ ಒಮ್ಮೆ ಚೆನ್ನಾಗಿ ಕಂಡ ಜಾಗ ಆರು ತಿಂಗಳ ನಂತರವೂ ಅದೇ ಚಿತ್ರವನ್ನು ಕೊಡುತ್ತದೆ ಎಂದು ಭಾವಿಸಬಾರದು.

ಕಾಪೆಲ್ಲೆಯಲ್ಲಿ ನಿಲ್ಲುವ ಜಾಗಗಳು

ಚಪ್ಪಟೆ ನೆಲದಲ್ಲಿ ಎತ್ತರ ದೊರಕುವುದು ಏರಿಗಳ ಮೇಲೆ. 1953ರ ಫೆಬ್ರುವರಿ 1ರ ಮಹಾಪ್ರವಾಹದಲ್ಲಿ ಈ ನದಿಯ ಏರಿಯು ಪಕ್ಕದ ನ್ಯೂವೆರ್ಕೆರ್ಕ್ ಊರಿನ ಬಳಿ ಒಡೆಯತೊಡಗಿದಾಗ, ನಾವಿಕರೊಬ್ಬರು ತಮ್ಮ ಹಡಗನ್ನೇ ಬಿರುಕಿಗೆ ಅಡ್ಡವಾಗಿ ನಿಲ್ಲಿಸಿ ಹಿಂದಿನ ತಗ್ಗುನಾಡನ್ನು ಉಳಿಸಿದರು. ಆ ದುರಂತದ ನಂತರ ಕೈಗೊಂಡ ಡೆಲ್ಟಾ ಕಾಮಗಾರಿಗಳಲ್ಲಿ ಮೊದಲನೆಯದು 1958ರಲ್ಲಿ ಕಾಪೆಲ್ಲೆ ಮತ್ತು ಎದುರು ದಂಡೆಯ ಕ್ರಿಂಪೆನ್ ಊರುಗಳ ನಡುವೆ ಸಿದ್ಧವಾಯಿತು: ಎತ್ತರದ ಗೋಪುರಗಳ ನಡುವೆ ಮೇಲಕ್ಕೂ ಕೆಳಕ್ಕೂ ಚಲಿಸುವ ಉಕ್ಕಿನ ಬಾಗಿಲುಗಳುಳ್ಳ ಪ್ರವಾಹ ತಡೆಗಟ್ಟು, ಮತ್ತು ಅದರ ಜೊತೆಗೆ ಆಲ್ಗೆರಾ ಸೇತುವೆ. ಈ ಗೋಪುರಗಳೇ ಇಲ್ಲಿನ ದಿಗಂತದಲ್ಲಿ ಎದ್ದು ಕಾಣುವ ಗುರುತು.

ನದಿಯು ಈಶಾನ್ಯದಿಂದ ನೈಋತ್ಯಕ್ಕೆ ಹರಿದು ನ್ಯೂವೆ ಮಾಸ್ ನದಿಯನ್ನು ಸೇರುತ್ತದೆ. ಕಾಪೆಲ್ಲೆ ಅದರ ವಾಯವ್ಯ ದಂಡೆಯಲ್ಲಿಯೂ ಕ್ರಿಂಪೆನ್ ಆಗ್ನೇಯ ದಂಡೆಯಲ್ಲಿಯೂ ಇವೆ. ಈ ವಿನ್ಯಾಸದಿಂದ ಮೂರು ಸಾಧ್ಯತೆಗಳು ಒದಗುತ್ತವೆ.

1. ನವೆಂಬರಿನಿಂದ ಫೆಬ್ರುವರಿಯವರೆಗೆ ಸೂರ್ಯ ನೈಋತ್ಯದಲ್ಲಿ ಮುಳುಗುವುದರಿಂದ, ಕಾಪೆಲ್ಲೆಯ ದಂಡೆಯಲ್ಲಿಯೇ ನಿಂತು ನದಿ ಹರಿಯುವ ದಿಕ್ಕಿಗೆ ನೋಡಿದರೆ ನೀರಿನ ಉದ್ದಕ್ಕೂ ಬೆಳಕಿನ ಹಾದಿ ಮೂಡುವ ಚಿತ್ರ ಸಿಗುತ್ತದೆ.

2. ಮೇ ತಿಂಗಳಿನಿಂದ ಜುಲೈವರೆಗೆ ಸೂರ್ಯ ವಾಯವ್ಯದಲ್ಲಿ, ಅಂದರೆ ಕಾಪೆಲ್ಲೆ ದಂಡೆಯಲ್ಲಿ ನಿಂತು ನದಿಯನ್ನು ನೋಡುವವರ ಬೆನ್ನ ಹಿಂದೆ, ಮುಳುಗುತ್ತಾನೆ. ಆಗ ಸೇತುವೆ ದಾಟಿ ಕ್ರಿಂಪೆನ್ ದಂಡೆಗೆ ಹೋಗುವುದು ಒಳಿತು. ಮುಂದೆ ನೀರು, ಅದರಾಚೆ ಕಾಪೆಲ್ಲೆಯ ಮನೆಗಳ ನೆರಳುರೂಪ, ಅದರ ಹಿಂದೆ ಸೂರ್ಯ ಎಂಬ ಕ್ರಮ ಅಲ್ಲಿಂದ ದೊರಕುತ್ತದೆ.

3. ಆಲ್ಗೆರಾ ಸೇತುವೆಯಿಂದ ಆಗ್ನೇಯಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿರುವ ಕಿಂಡರ್‌ಡೈಕ್‌ನಲ್ಲಿ 19 ಹಳೆಯ ಗಾಳಿಯಂತ್ರಗಳು ಸಾಲಾಗಿ ನಿಂತಿವೆ. ಹೆಚ್ಚಿನವು 1740ರ ಆಸುಪಾಸಿನಲ್ಲಿ ಕಟ್ಟಿದವು. 1997ರಲ್ಲಿ ಯುನೆಸ್ಕೊ ಅವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಾಲುವೆಗಳ ಗುಂಟ ಸಾಗುವ ಈ ಸಾಲು ಪ್ಯಾನೊರಮಾಕ್ಕೆ ಹೇಳಿ ಮಾಡಿಸಿದಂತಿದೆ.

ಬೇಕಾದ ಸಲಕರಣೆಗಳು

ಅಗತ್ಯವಾದದ್ದು ಎಲ್ಲ ಅಳತೆಗಳನ್ನೂ ಕೈಯಿಂದ ನಿಗದಿಪಡಿಸಬಹುದಾದ ಕ್ಯಾಮೆರಾ, 35ರಿಂದ 85 ಮಿ.ಮೀ. ನಡುವಿನ ಒಂದು ಲೆನ್ಸ್, ಗಟ್ಟಿಯಾದ ಟ್ರೈಪಾಡ್ ಮತ್ತು ಕೈ ತಾಕಿಸದೆ ಶಟರ್ ಒತ್ತುವ ರಿಮೋಟ್. ಇವುಗಳ ಜೊತೆಗೆ ಪ್ಯಾನೊರಮಾ ಹೆಡ್ ಎಂಬ ವಿಶೇಷ ಸಾಧನ ಬೇಕೇ ಎಂಬುದನ್ನು ತೀರ್ಮಾನಿಸಲು ಪ್ಯಾರಲಾಕ್ಸ್ ಎಂಬುದನ್ನು ಅರ್ಥಮಾಡಿಕೊಳ್ಳಬೇಕು.

ನೋಡುವ ಬಿಂದು ಪಕ್ಕಕ್ಕೆ ಸರಿದಾಗ ಹತ್ತಿರದ ವಸ್ತುವು ದೂರದ ಹಿನ್ನೆಲೆಯ ಮೇಲೆ ಜರುಗಿದಂತೆ ಕಾಣುವುದೇ ಪ್ಯಾರಲಾಕ್ಸ್. ಒಂದು ಕಣ್ಣು ಮುಚ್ಚಿ, ಬಳಿಕ ಮತ್ತೊಂದು ಕಣ್ಣು ಮುಚ್ಚಿ ಚಾಚಿದ ಬೆರಳನ್ನು ನೋಡಿದರೆ ಇದು ತಿಳಿಯುತ್ತದೆ. ಕ್ಯಾಮೆರಾ ಸಾಮಾನ್ಯವಾಗಿ ತನ್ನ ತಳದ ಸ್ಕ್ರೂವಿನ ಸುತ್ತ ತಿರುಗುತ್ತದೆ. ಆದರೆ ನೋಟದ ನಿಜವಾದ ಕೇಂದ್ರ, ಅಂದರೆ ಮುಂದಿನಿಂದ ಲೆನ್ಸಿನೊಳಗೆ ಇಣುಕಿದಾಗ ಅಪರ್ಚರ್ ರಂಧ್ರ ಇರುವಂತೆ ಕಾಣುವ ಜಾಗ, ಅದಕ್ಕಿಂತ ಮುಂದಿರುತ್ತದೆ. ಈ ಎರಡರ ನಡುವೆ 10 ಸೆ.ಮೀ. ಅಂತರವಿದ್ದು, ಕ್ಯಾಮೆರಾವನ್ನು 20 ಡಿಗ್ರಿ ತಿರುಗಿಸಿದರೆ ನೋಟದ ಕೇಂದ್ರ ಸುಮಾರು ಮೂರೂವರೆ ಸೆ.ಮೀ. ಸರಿಯುತ್ತದೆ. ಇದರಿಂದ ಎರಡು ಮೀಟರ್ ದೂರದ ಬೇಲಿಕಂಬವು ದೂರದ ಹಿನ್ನೆಲೆಗೆ ಹೋಲಿಸಿದರೆ ಹಿಂದೆ ಹೇಳಿದ 50 ಮಿ.ಮೀ. ಲೆನ್ಸಿನ ಚಿತ್ರದಲ್ಲಿ ಸುಮಾರು 140 ಪಿಕ್ಸೆಲ್‌ಗಳಷ್ಟು ಜರುಗುತ್ತದೆ, ಮತ್ತು ಅದನ್ನು ಯಾವ ತಂತ್ರಾಂಶವೂ ಅಂದವಾಗಿ ಕೂಡಿಸಲಾರದು. ನೂರು ಮೀಟರ್ ದೂರದ ಮರವಾದರೋ ಸುಮಾರು ಮೂರು ಪಿಕ್ಸೆಲ್ ಮಾತ್ರ ಜರುಗುತ್ತದೆ, ಅದು ಕಣ್ಣಿಗೆ ಬೀಳದು.

ಆದ್ದರಿಂದ ಏರಿಯ ಮೇಲಿನಿಂದ ದೂರದ ನೀರು, ಹೊಲ, ಊರುಗಳನ್ನಷ್ಟೇ ಚಿತ್ರಿಸುವವರಿಗೆ ಸಾಮಾನ್ಯ ಟ್ರೈಪಾಡ್ ಸಾಕು. ಹತ್ತಿರದ ಜೊಂಡು, ಬೇಲಿ, ಕಲ್ಲುಗಳನ್ನು ಮುನ್ನೆಲೆಗೆ ತರಬೇಕಾದಾಗ ಮಾತ್ರ ಕ್ಯಾಮೆರಾವನ್ನು ಹಿಂದಕ್ಕೆ ಸರಿಸಿ ಕೂರಿಸುವ ಪ್ಯಾನೊರಮಾ ಹೆಡ್ ಅಥವಾ ಜಾರುವ ಪಟ್ಟಿ ಬೇಕಾಗುತ್ತದೆ. ಅದರ ಸರಿಯಾದ ಸ್ಥಾನವನ್ನು ಮನೆಯಲ್ಲಿಯೇ ಕಂಡುಕೊಳ್ಳಬಹುದು: ಹತ್ತಿರದ ಒಂದು ನಿಲುವು ಕಡ್ಡಿಯನ್ನೂ ದೂರದ ಒಂದು ಕಂಬವನ್ನೂ ಒಂದೇ ಗೆರೆಯಲ್ಲಿ ಕಾಣುವಂತೆ ಹೊಂದಿಸಿ, ಕ್ಯಾಮೆರಾವನ್ನು ಎಡಬಲಕ್ಕೆ ತಿರುಗಿಸಿದಾಗಲೂ ಅವೆರಡೂ ಬೇರ್ಪಡದ ಜಾಗ ಸಿಗುವವರೆಗೆ ಪಟ್ಟಿಯನ್ನು ಸರಿಸಿ, ಆ ಜಾಗಕ್ಕೆ ಗುರುತು ಹಾಕಿಕೊಳ್ಳಬೇಕು.

ಚಿತ್ರ ತೆಗೆಯುವ ಕ್ರಮ

1. ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲೇ ಸ್ಥಳ ತಲುಪಿ, ಚಿತ್ರ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯಬೇಕೆಂಬುದನ್ನು ನಿರ್ಧರಿಸಬೇಕು. ಎರಡು ಕೊನೆಗಳಲ್ಲಿಯೂ ನೋಟವನ್ನು ತಡೆದು ನಿಲ್ಲಿಸುವ ಮರ, ಗೋಪುರ ಅಥವಾ ಕಟ್ಟಡವಿದ್ದರೆ ಚಿತ್ರ ಕತ್ತರಿಸಿದಂತೆ ತೋರುವುದಿಲ್ಲ.

2. ಟ್ರೈಪಾಡಿನ ತಳವನ್ನೇ ಮಟ್ಟ ಮಾಡಬೇಕು. ಕ್ಯಾಮೆರಾ ಮಟ್ಟವಾಗಿದ್ದು ತಳ ಓರೆಯಾಗಿದ್ದರೆ, ತಿರುಗಿಸುತ್ತ ಹೋದಂತೆ ದಿಗಂತ ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ, ಮತ್ತು ಬೆಸೆದ ಬಳಿಕ ಅದನ್ನು ಸರಿಪಡಿಸಲು ಚಿತ್ರದ ದೊಡ್ಡ ಪಾಲನ್ನು ಕತ್ತರಿಸಬೇಕಾಗುತ್ತದೆ.

3. ಕ್ಯಾಮೆರಾವನ್ನು ನಿಲುವಾಗಿ ಇರಿಸಬೇಕು. ಚಿತ್ರಗಳ ಸಂಖ್ಯೆ ಹೆಚ್ಚಿದರೂ ಮೇಲೆ ಕೆಳಗೆ ಕತ್ತರಿಸಲು ಸಾಕಷ್ಟು ಜಾಗ ಉಳಿಯುತ್ತದೆ, ಸಂಜೆಯ ಆಕಾಶಕ್ಕೂ ಸ್ಥಳ ಸಿಗುತ್ತದೆ.

4. ಓವರ್‌ಲ್ಯಾಪ್, ಅಂದರೆ ಅಕ್ಕಪಕ್ಕದ ಎರಡು ಚಿತ್ರಗಳಲ್ಲಿಯೂ ಇರುವ ಸಮಾನ ಭಾಗ, ಕನಿಷ್ಠ ಮೂರನೆಯ ಒಂದು ಪಾಲು ಇರಬೇಕು. ನೀರು ಅಥವಾ ಬರಿಯ ಆಕಾಶವೇ ತುಂಬಿರುವಲ್ಲಿ ಅದನ್ನು ಅರ್ಧಕ್ಕೆ ಏರಿಸುವುದು ಒಳ್ಳೆಯದು, ಏಕೆಂದರೆ ತಂತ್ರಾಂಶವು ಎರಡೂ ಚಿತ್ರಗಳಲ್ಲಿ ಒಂದೇ ಬಗೆಯಾಗಿರುವ ಗುರುತುಗಳನ್ನು ಹುಡುಕಿ ಜೋಡಿಸುತ್ತದೆ, ಮತ್ತು ಅಲೆಗಳಲ್ಲಿ ಅಂಥ ಗುರುತುಗಳು ಉಳಿಯುವುದಿಲ್ಲ. ಪೂರ್ಣ ಗಾತ್ರದ ಸಂವೇದಕದ ಮೇಲೆ 50 ಮಿ.ಮೀ. ಲೆನ್ಸಿಗೆ ನಿಲುವಿನಲ್ಲಿ ಸುಮಾರು 27 ಡಿಗ್ರಿ ಅಗಲವಿರುವುದರಿಂದ, ಪ್ರತಿ ಸಲ 18 ಡಿಗ್ರಿ ತಿರುಗಿಸಿದರೆ 180 ಡಿಗ್ರಿಗಳ ನೋಟಕ್ಕೆ 10 ಚಿತ್ರಗಳು ಸಾಕು.

5. ಎಕ್ಸ್‌ಪೋಷರ್, ಅಂದರೆ ಸಂವೇದಕದ ಮೇಲೆ ಬೀಳುವ ಬೆಳಕಿನ ಪ್ರಮಾಣವನ್ನು, ಮ್ಯಾನುವಲ್ ವಿಧಾನದಲ್ಲಿ ಒಮ್ಮೆ ನಿಗದಿಪಡಿಸಿ ಕೊನೆಯವರೆಗೂ ಬದಲಿಸಬಾರದು. ಸೂರ್ಯನ ಪಕ್ಕದ ಆಕಾಶ ಪೂರ್ತಿ ಬೆಳ್ಳಗಾಗದಂತೆ ಅಳತೆ ತೆಗೆದುಕೊಳ್ಳಬೇಕು; ನೆರಳಿನ ವಿವರವನ್ನು ನಂತರ ಸ್ವಲ್ಪಮಟ್ಟಿಗೆ ಮೇಲೆತ್ತಬಹುದು, ಸುಟ್ಟು ಬಿಳಿಯಾದ ಬಣ್ಣವನ್ನು ಮರಳಿ ತರಲಾಗದು. ಐಎಸ್‌ಒ 100, ಅಪರ್ಚರ್ ಎಫ್/8 ಆರಂಭಕ್ಕೆ ತಕ್ಕ ಅಳತೆಗಳು.

6. ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣವನ್ನು ಕ್ಯಾಮೆರಾ ಸರಿಹೊಂದಿಸುವ ಬಗೆಯನ್ನು, ಸ್ವಯಂಚಾಲಿತವಾಗಿ ಬಿಡದೆ ಹಗಲು ಬೆಳಕಿನ ಸ್ಥಾನದಲ್ಲಿ ಇರಿಸಬೇಕು. ಸ್ವಯಂಚಾಲಿತವಾಗಿದ್ದರೆ ಪ್ರತಿ ಚಿತ್ರದಲ್ಲಿಯೂ ಕೇಸರಿ ಬಣ್ಣವನ್ನು ಅಳಿಸಲು ಅದು ಬೇರೆಬೇರೆ ಪ್ರಮಾಣದಲ್ಲಿ ಯತ್ನಿಸುತ್ತದೆ. ಚಿತ್ರಗಳನ್ನು ರಾ ರೂಪದಲ್ಲಿ, ಅಂದರೆ ಸಂವೇದಕದ ಪೂರ್ಣ ಮಾಹಿತಿ ಉಳಿಯುವಂತೆ, ದಾಖಲಿಸಬೇಕು.

7. ದೂರದ ವಸ್ತುವಿನ ಮೇಲೆ ಫೋಕಸ್ ಮಾಡಿ, ಬಳಿಕ ಸ್ವಯಂಚಾಲಿತ ಫೋಕಸ್ ನಿಲ್ಲಿಸಬೇಕು. ಜೂಮ್ ಲೆನ್ಸ್ ಬಳಸುವವರು ಜೂಮ್ ಉಂಗುರವನ್ನೂ ಮುಟ್ಟಬಾರದು.

8. ಒಮ್ಮೆ ಚಿತ್ರ ತೆಗೆಯದೆ ಕ್ಯಾಮೆರಾವನ್ನು ಇಡೀ ನೋಟದ ಗುಂಟ ತಿರುಗಿಸಿ ಪರೀಕ್ಷಿಸಿ, ನಂತರ ತಡೆಯಿಲ್ಲದೆ ಸಾಲನ್ನು ತೆಗೆಯಬೇಕು. ಹತ್ತು ಚಿತ್ರಗಳ ಸಾಲು ಒಂದು ನಿಮಿಷದೊಳಗೆ ಮುಗಿಯಬೇಕು. ಬೆಳಕು ಬೇಗ ಬದಲಾಗುವುದು ಸೂರ್ಯನ ಕಡೆಯಲ್ಲಿ, ಆದ್ದರಿಂದ ಆ ತುದಿಯಿಂದಲೇ ಆರಂಭಿಸುವುದು ಲೇಸು.

9. ದೋಣಿ, ಹಡಗು ಚಲಿಸುತ್ತಿದ್ದರೆ ಅದು ಒಂದು ಚಿತ್ರದ ನಡುಭಾಗದಲ್ಲಿ ಪೂರ್ತಿಯಾಗಿ ಬರುವಂತೆ ಆ ಚಿತ್ರವನ್ನು ತೆಗೆಯಬೇಕು. ಸಮಾನ ಭಾಗದಲ್ಲಿ ಬಂದರೆ ಅದು ಎರಡಾಗಿಯೋ ಅರ್ಧವಾಗಿಯೋ ಉಳಿಯುತ್ತದೆ. ತಿರುಗುವ ಗಾಳಿಯಂತ್ರದ ರೆಕ್ಕೆಗಳಿಗೂ ಇದೇ ನಿಯಮ.

10. ಸಾಲಿನ ಮೊದಲಿಗೂ ಕೊನೆಗೂ ಲೆನ್ಸಿನ ಮುಂದೆ ಕೈ ಹಿಡಿದು ಒಂದೊಂದು ಚಿತ್ರ ತೆಗೆದರೆ, ಮನೆಯಲ್ಲಿ ನೂರಾರು ಚಿತ್ರಗಳ ನಡುವೆ ಯಾವ ಸಾಲು ಎಲ್ಲಿ ಆರಂಭವಾಯಿತೆಂದು ಹುಡುಕುವ ಶ್ರಮ ತಪ್ಪುತ್ತದೆ.

11. ಸೂರ್ಯ ಮರೆಯಾದ ಕೂಡಲೇ ಹೊರಡಬಾರದು. ಬಿಂಬವಿರುವಾಗ ಪಶ್ಚಿಮಕ್ಕೂ ಪೂರ್ವಕ್ಕೂ ಬೆಳಕಿನ ಅಂತರ ವಿಪರೀತವಾಗಿದ್ದು, ಒಂದೇ ಎಕ್ಸ್‌ಪೋಷರ್ ಎರಡಕ್ಕೂ ಹೊಂದುವುದಿಲ್ಲ. ಮುಳುಗಿದ ನಂತರ ಈ ಅಂತರ ಕುಗ್ಗುತ್ತ ಬರುತ್ತದೆ. ಕಾಪೆಲ್ಲೆಯಲ್ಲಿ 10ರಿಂದ 25 ನಿಮಿಷಗಳ ನಂತರದ ಹೊತ್ತು ಅತಿ ಅಗಲವಾದ ಪ್ಯಾನೊರಮಾಗಳಿಗೆ ಪ್ರಶಸ್ತ. ಆಗ ಪೂರ್ವದ ದಿಗಂತದ ಮೇಲೆ ನೀಲಿಬೂದು ಬಣ್ಣದ ಪಟ್ಟಿಯೊಂದು ಏಳುವುದನ್ನೂ ಅದರ ಮೇಲೆ ಗುಲಾಬಿ ಪಟ್ಟಿ ಹರಡುವುದನ್ನೂ ಕಾಣಬಹುದು. ಮೊದಲನೆಯದು ವಾತಾವರಣದ ಮೇಲೆ ಬಿದ್ದ ಭೂಮಿಯದೇ ನೆರಳು. ಅಡೆತಡೆಯಿಲ್ಲದ ಬಯಲಿನಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ, ಮತ್ತು ಪಶ್ಚಿಮದ ಕೆಂಪನ್ನೂ ಪೂರ್ವದ ನೆರಳನ್ನೂ ಒಂದೇ ಚಿತ್ರದಲ್ಲಿ ತರಲು ಬೆಸೆದ ಪ್ಯಾನೊರಮಾ ತಕ್ಕ ವಿಧಾನ.

ಸೂರ್ಯನನ್ನೇ ಚಿತ್ರದಲ್ಲಿ ಸೇರಿಸಬೇಕೆನ್ನುವವರು ಪ್ರತಿ ನಿಲುಗಡೆಯಲ್ಲಿಯೂ ಮೂರು ಚಿತ್ರಗಳನ್ನು, ಒಂದು ಸರಿಯಾದ ಅಳತೆಯಲ್ಲಿ, ಒಂದು ಎರಡು ಹಂತ ಕಡಿಮೆಯಾಗಿ, ಒಂದು ಎರಡು ಹಂತ ಹೆಚ್ಚಾಗಿ, ತೆಗೆಯಬೇಕು. ಅಪರ್ಚರನ್ನು ಹಾಗೆಯೇ ಬಿಟ್ಟು ಶಟರ್ ವೇಗವನ್ನು ಮಾತ್ರ ಬದಲಿಸಬೇಕು, ಮತ್ತು ಈ ಮೂರರ ಜೋಡಣೆ ಎಲ್ಲ ನಿಲುಗಡೆಗಳಲ್ಲಿಯೂ ಒಂದೇ ಆಗಿರಬೇಕು.

ಮೊಬೈಲ್ ಫೋನ್ ಬಳಸುವವರಿಗೂ ಇದೇ ತತ್ವ ಅನ್ವಯಿಸುತ್ತದೆ. ಫೋನಿನ ಪ್ಯಾನೊರಮಾ ಸೌಲಭ್ಯಕ್ಕಿಂತ, ಪರದೆಯನ್ನು ಒತ್ತಿ ಹಿಡಿದು ಫೋಕಸ್ ಮತ್ತು ಎಕ್ಸ್‌ಪೋಷರ್‌ಗಳನ್ನು ಬೀಗಹಾಕಿ, ಫೋನನ್ನು ನಿಲುವಾಗಿ ಹಿಡಿದು ಬಿಡಿಬಿಡಿ ಚಿತ್ರ ತೆಗೆದು ನಂತರ ಬೆಸೆದರೆ ವಿವರ ಹೆಚ್ಚು ಉಳಿಯುತ್ತದೆ.

ಬೆಸೆಯುವ ಕ್ರಮ

ಇಂದಿನ ತಂತ್ರಾಂಶಗಳು ಈ ಕೆಲಸವನ್ನು ಬಹುಮಟ್ಟಿಗೆ ತಾವೇ ಮಾಡುತ್ತವೆ. ಜರ್ಮನಿಯ ಹೆಲ್ಮುಟ್ ಡೆರ್ಶ್ ರೂಪಿಸಿದ ಪ್ಯಾನೊರಮಾ ಟೂಲ್ಸ್ ಎಂಬ ಸಾಧನ ಈ ಕ್ಷೇತ್ರದ ಅಡಿಪಾಯ. ಪಿಟಿಗುಯಿ ಆರಂಭವಾದದ್ದು ಅದನ್ನು ಸುಲಭವಾಗಿ ಬಳಸಲು ಅನುವಾಗುವ ಹೊರಮುಖವಾಗಿ. ಉಚಿತವಾಗಿ ದೊರಕುವ ಹ್ಯೂಗಿನ್ ಕೂಡ ಅದೇ ಬುನಾದಿಯ ಮೇಲೆ ಬೆಳೆದದ್ದು. ಅಡೋಬಿ ಲೈಟ್‌ರೂಮ್‌ನಲ್ಲಿಯೂ ಬೆಸೆಯುವ ಸೌಲಭ್ಯವಿದೆ. ಯಾವುದನ್ನು ಬಳಸಿದರೂ ಹಂತಗಳು ಹೀಗಿರುತ್ತವೆ.

1. ಸಾಲಿನ ಒಂದು ಚಿತ್ರದಲ್ಲಿ ಬಣ್ಣ ಮತ್ತು ಲೆನ್ಸಿನ ಅಂಚುಗತ್ತಲೆಯನ್ನು ಸರಿಪಡಿಸಿ, ಅದೇ ಬದಲಾವಣೆಯನ್ನು ಉಳಿದೆಲ್ಲಕ್ಕೂ ನಕಲಿಸಬೇಕು. ಪ್ರತಿ ಚಿತ್ರವನ್ನೂ ಬಿಡಿಯಾಗಿ ಅಂದಗೊಳಿಸಲು ಹೋಗಬಾರದು. ಬಳಿಕ 16 ಬಿಟ್ ಟಿಫ್ ರೂಪದಲ್ಲಿ ಉಳಿಸಬೇಕು. ಆಕಾಶದ ಮೆಲುವಾದ ಬಣ್ಣದೇರಿಳಿತಗಳು ಪಟ್ಟೆಗಟ್ಟದೆ ಉಳಿಯಲು ಇದು ಅಗತ್ಯ.

2. ತಂತ್ರಾಂಶವು ಹುಡುಕಿದ ಕಂಟ್ರೋಲ್ ಪಾಯಿಂಟ್‌ಗಳನ್ನು, ಅಂದರೆ ಎರಡು ಚಿತ್ರಗಳಲ್ಲಿ ಒಂದೇ ಎಂದು ಗುರುತಿಸಿದ ಬಿಂದುಗಳನ್ನು, ಪರಿಶೀಲಿಸಬೇಕು. ಅಲೆ, ಮೋಡ, ದೋಣಿಗಳ ಮೇಲೆ ಬಿದ್ದ ಬಿಂದುಗಳನ್ನು ಅಳಿಸಿ, ಕಟ್ಟಡ, ಕಂಬ, ಮರಗಳ ಮೇಲಿನವನ್ನು ಉಳಿಸಬೇಕು.

3. ದಿಗಂತದ ಉದ್ದಕ್ಕೂ ಅಡ್ಡಗೆರೆಯ ಬಿಂದುಗಳನ್ನು ಅಥವಾ ಕಟ್ಟಡಗಳ ಅಂಚಿನಲ್ಲಿ ನಿಲುವುಗೆರೆಯ ಬಿಂದುಗಳನ್ನು ಸೇರಿಸಿದರೆ ಬಳುಕಿದ ದಿಗಂತ ನೇರವಾಗುತ್ತದೆ. ಚಪ್ಪಟೆ ನಾಡಿನ ಚಿತ್ರದಲ್ಲಿ ದಿಗಂತದ ಅತಿ ಸಣ್ಣ ಓರೆಯೂ ಕಣ್ಣಿಗೆ ಚುಚ್ಚುವುದರಿಂದ ಈ ಹಂತವನ್ನು ಬಿಡಬಾರದು.

4. ಪ್ರೊಜೆಕ್ಷನ್, ಅಂದರೆ ದುಂಡಗಿನ ನೋಟವನ್ನು ಚಪ್ಪಟೆ ಹಾಳೆಗೆ ಇಳಿಸುವ ವಿಧಾನವನ್ನು, ಆರಿಸಬೇಕು. ನೋಟ ಸುಮಾರು 100 ಡಿಗ್ರಿಗಿಂತ ಕಡಿಮೆಯಿದ್ದರೆ ನೇರ ಗೆರೆಗಳನ್ನು ನೇರವಾಗಿಯೇ ಉಳಿಸುವ ರೆಕ್ಟಿಲಿನಿಯರ್ ವಿಧಾನ ಹೊಂದುತ್ತದೆ. ಅದಕ್ಕಿಂತ ಅಗಲವಾದರೆ ಅಂಚುಗಳು ಹಿಗ್ಗುವುದರಿಂದ ಸಿಲಿಂಡ್ರಿಕಲ್ ವಿಧಾನ ಬೇಕು. ಇದರಲ್ಲಿ ದಿಗಂತ ಮತ್ತು ನಿಲುವುಗೆರೆಗಳು ನೇರವಾಗಿಯೇ ಉಳಿಯುತ್ತವೆ, ಆದರೆ ಕಾಲಬುಡದಲ್ಲಿ ಸಾಗುವ ಏರಿ ಅಥವಾ ರಸ್ತೆ ಬಿಲ್ಲಿನಂತೆ ಬಾಗುತ್ತದೆ. ಆದ್ದರಿಂದ ಹತ್ತಿರದ ಉದ್ದ ನೇರಗೆರೆಗಳನ್ನು ಚಿತ್ರ ತೆಗೆಯುವಾಗಲೇ ಚೌಕಟ್ಟಿನಿಂದ ಹೊರಗಿಡುವುದು ಲೇಸು.

5. ಬೆಸುಗೆಯ ಗೆರೆ ಎಲ್ಲಿ ಹಾದುಹೋಗಿದೆ ಎಂಬುದನ್ನು ಚಿತ್ರವನ್ನು ಪೂರ್ಣ ಗಾತ್ರದಲ್ಲಿ ತೆರೆದು ನೋಡಬೇಕು. ದೋಣಿಯೋ ಹಕ್ಕಿಯೋ ತುಂಡಾಗಿದ್ದರೆ ಮಾಸ್ಕ್ ಸೌಲಭ್ಯದಿಂದ ಅದನ್ನು ಒಂದೇ ಚಿತ್ರದಿಂದ ಪೂರ್ತಿಯಾಗಿ ತೆಗೆದುಕೊಳ್ಳುವಂತೆ ಸೂಚಿಸಬಹುದು. ಬಣ್ಣ, ಹೊಳಪುಗಳ ಕೊನೆಯ ತಿದ್ದುಪಡಿ ಬೆಸೆದ ಒಟ್ಟು ಚಿತ್ರದ ಮೇಲೆಯೇ ನಡೆಯಬೇಕು.

ಸಾಮಾನ್ಯ ತಪ್ಪುಗಳು

ಪೋಲರೈಸರ್ ಫಿಲ್ಟರ್ ಬಳಸುವುದು: ಸೂರ್ಯನಿಂದ 90 ಡಿಗ್ರಿ ದೂರದ ಆಕಾಶದಲ್ಲಿ ಬೆಳಕು ಅತಿ ಹೆಚ್ಚು ಧ್ರುವೀಕೃತವಾಗಿರುವುದರಿಂದ, ಈ ಫಿಲ್ಟರ್ ಆ ಭಾಗವನ್ನು ಮಾತ್ರ ಕಪ್ಪಾಗಿಸಿ ಪ್ಯಾನೊರಮಾದಲ್ಲಿ ದೊಡ್ಡ ಕಲೆಯೊಂದನ್ನು ಉಳಿಸುತ್ತದೆ. ಯಾವ ತಂತ್ರಾಂಶಕ್ಕೂ ಅದನ್ನು ಅಳಿಸುವುದು ಕಷ್ಟ.

ನೀರನ್ನು ನಯಗೊಳಿಸಲು ಅತಿ ದೀರ್ಘ ಎಕ್ಸ್‌ಪೋಷರ್ ಕೊಡುವುದು: ಪ್ರತಿ ಚಿತ್ರಕ್ಕೆ 30 ಸೆಕೆಂಡುಗಳಾದರೆ ಹತ್ತು ಚಿತ್ರಗಳಿಗೆ ಐದು ನಿಮಿಷಕ್ಕೂ ಹೆಚ್ಚು ಬೇಕು. ಅಷ್ಟರಲ್ಲಿ ಕಾಪೆಲ್ಲೆಯ ಸೂರ್ಯ ಸುಮಾರು ಒಂದು ಡಿಗ್ರಿ, ಅಂದರೆ ತನ್ನ ಬಿಂಬದ ಎರಡರಷ್ಟು, ಬಲಕ್ಕೆ ಸರಿದಿರುತ್ತಾನೆ. ಮೊದಲ ಚಿತ್ರದ ಬೆಳಕೂ ಕೊನೆಯದರ ಬೆಳಕೂ ಒಂದಾಗಿರುವುದಿಲ್ಲ. ಒಂದೆರಡು ಸೆಕೆಂಡುಗಳ ಮಿತಿಯಲ್ಲಿದ್ದರೆ ನೀರೂ ಮೆದುವಾಗುತ್ತದೆ, ಬೆಳಕೂ ಉಳಿಯುತ್ತದೆ.

ಸೂರ್ಯನನ್ನು ಸಮಾನ ಭಾಗದಲ್ಲಿ ಇರಿಸುವುದು: ಬಿಂಬದ ಸುತ್ತಲಿನ ಪ್ರಭೆ ಎರಡು ಚಿತ್ರಗಳಲ್ಲಿ ಎರಡು ಬಗೆಯಾಗಿ ಮೂಡಿ ಬೆಸುಗೆ ಎದ್ದು ಕಾಣುತ್ತದೆ. ಸೂರ್ಯ ಒಂದು ಚಿತ್ರದ ಮಧ್ಯದಲ್ಲಿ ಬರುವಂತೆ ಸಾಲನ್ನು ಯೋಜಿಸಬೇಕು.

ಒಂದೇ ಸಾಲಿಗೆ ತೃಪ್ತರಾಗುವುದು: ಒಂದು ಚಿತ್ರ ಅಲುಗಿದರೂ ಇಡೀ ಸಾಲು ಕೆಡುವುದರಿಂದ, ಪ್ರತಿ ಬೆಳಕಿನಲ್ಲಿಯೂ ಎರಡು ಅಥವಾ ಮೂರು ಸಾಲುಗಳನ್ನು ತೆಗೆದಿಡಬೇಕು, ಎರಡು ಸಾಲುಗಳ ನಡುವೆ ಬೆಳಕಿಗೆ ತಕ್ಕಂತೆ ಎಕ್ಸ್‌ಪೋಷರನ್ನು ಹೊಸದಾಗಿ ಅಳೆಯಬೇಕು.

ಎಚ್ಚರಿಕೆಗಳು

1. ಸೂರ್ಯ ಇನ್ನೂ ಪ್ರಖರವಾಗಿರುವಾಗ ಕನ್ನಡಿಯುಳ್ಳ ಕ್ಯಾಮೆರಾದ ಇಣುಕುಗಿಂಡಿಯ ಮೂಲಕ ಅವನನ್ನು ನೇರವಾಗಿ ನೋಡಬಾರದು, ವಿಶೇಷವಾಗಿ ಟೆಲಿಫೋಟೊ ಲೆನ್ಸ್ ಇದ್ದಾಗ. ಕಣ್ಣಿಗೆ ಶಾಶ್ವತ ಹಾನಿಯಾಗಬಹುದು. ಪರದೆಯ ಮೇಲೆ ನೋಡುವುದೇ ಸುರಕ್ಷಿತ.

2. ಸೇತುವೆಯ ಮೇಲೆ ವಾಹನಗಳು ಸಾಗುವಾಗ ನೆಲವೇ ಕಂಪಿಸುವುದರಿಂದ ನಿಧಾನ ಶಟರ್ ಅಲ್ಲಿ ಕೆಲಸಕ್ಕೆ ಬಾರದು. ಚಿತ್ರ ಮಸುಕಾಗದಂತೆ ದಂಡೆಗೆ ಇಳಿದು ನಿಲ್ಲುವುದು ಉಚಿತ.

3. ಏರಿಯ ಮೇಲಿನ ರಸ್ತೆಗಳು ಕಿರಿದಾಗಿದ್ದು ಸೈಕಲ್ ಸವಾರರು ಸತತವಾಗಿ ಸಾಗುತ್ತಿರುತ್ತಾರೆ. ಟ್ರೈಪಾಡಿನ ಕಾಲು ಅವರ ದಾರಿಗೆ ಅಡ್ಡ ಬರಬಾರದು. ಏರಿಯ ಹುಲ್ಲಿನ ಇಳಿಜಾರು ತೇವದಲ್ಲಿ ಜಾರುತ್ತದೆ.

4. ಬಯಲಿನ ಗಾಳಿಗೆ ಹಗುರ ಟ್ರೈಪಾಡ್ ನಡುಗುತ್ತದೆ. ನಡುಗಂಬವನ್ನು ಎತ್ತರಿಸದೆ, ಚೀಲವನ್ನು ಕೆಳಗೆ ತೂಗುಹಾಕಿ ಅದು ತೂಗಾಡದಂತೆ ನೆಲಕ್ಕೆ ತಾಗಿಸಬೇಕು.

ಕರ್ನಾಟಕದ ಸಂಜೆಗಳಿಗೆ ಈ ಕ್ರಮ

ಕನ್ನಡ ನಾಡಿನಲ್ಲಿ ಇದೇ ವಿಧಾನವನ್ನು ಅನುಸರಿಸುವವರು ಎರಡು ಮುಖ್ಯ ವ್ಯತ್ಯಾಸಗಳನ್ನು ಗಮನಿಸಬೇಕು. ಮೊದಲನೆಯದು ಸಮಯ: ಆಗುಂಬೆಯ ಸೂರ್ಯಾಸ್ತ ವೀಕ್ಷಣಾ ಸ್ಥಳದಲ್ಲಾಗಲಿ ಕಾರವಾರದ ಕಡಲತೀರದಲ್ಲಾಗಲಿ ಬೆಳಕು ಕಾಪೆಲ್ಲೆಗಿಂತ ಸುಮಾರು ಒಂದೂವರೆ ಪಟ್ಟು ಅಥವಾ ಅದಕ್ಕೂ ಹೆಚ್ಚು ವೇಗದಲ್ಲಿ ಇಳಿಯುವುದರಿಂದ, ಸಿದ್ಧತೆ ಪೂರ್ತಿ ಮುಗಿದಿರಬೇಕು ಮತ್ತು ಸಾಲು ಅರ್ಧ ನಿಮಿಷದಲ್ಲಿ ಮುಗಿಯಬೇಕು, ಸೂರ್ಯ ಮರೆಯಾದ ನಂತರದ ಒಳ್ಳೆಯ ಹೊತ್ತು ಐದರಿಂದ ಹದಿನೈದನೆಯ ನಿಮಿಷದವರೆಗೆ ಮಾತ್ರ. ಎರಡನೆಯದು ಮುನ್ನೆಲೆ: ಹಂಪಿಯ ಮಾತಂಗ ಬೆಟ್ಟದ ಮೇಲೆ ಬಂಡೆಗಳೂ, ಘಟ್ಟದಂಚಿನಲ್ಲಿ ಕಂಬಿ ಮತ್ತು ಕೊಂಬೆಗಳೂ ಕೈಗೆಟುಕುವಷ್ಟು ಹತ್ತಿರವಿರುವುದರಿಂದ, ಹಿಂದೆ ಹೇಳಿದ ಪ್ಯಾರಲಾಕ್ಸ್ ಇಲ್ಲಿ ನಿಜವಾದ ತೊಡಕಾಗುತ್ತದೆ, ಮತ್ತು ಜಾರುವ ಪಟ್ಟಿಗೆ ಮಾಡುವ ವೆಚ್ಚ ಸಾರ್ಥಕವಾಗುತ್ತದೆ. ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಟ್ರೈಪಾಡ್ ಬಳಸಲು ಅನುಮತಿ ಬೇಕಾಗುವುದರಿಂದ ಮೊದಲೇ ವಿಚಾರಿಸಿಕೊಳ್ಳಬೇಕು.

ಸೂರ್ಯಾಸ್ತದಲ್ಲಿಯೇ ಮೊದಲ ಪಾಠ ಕಲಿಯಲು ಹೊರಡುವುದು ಸರಿಯಾದ ದಾರಿಯಲ್ಲ, ಏಕೆಂದರೆ ಆಗ ಬೆಳಕೂ ಕೈಯೂ ಒಟ್ಟಿಗೆ ತಪ್ಪುತ್ತವೆ. ಹಗಲು ಬೆಳಕಿನಲ್ಲಿ, ಮನೆಯ ಸಮೀಪದ ಮೈದಾನದಲ್ಲಿ, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್, ಫೋಕಸ್ ಮೂರನ್ನೂ ನಿಗದಿಪಡಿಸಿ, ಕ್ಯಾಮೆರಾವನ್ನು ನಿಲುವಾಗಿ ಹಿಡಿದು ಐದು ಚಿತ್ರಗಳನ್ನು ತೆಗೆದು, ಹ್ಯೂಗಿನ್‌ನಂಥ ಉಚಿತ ತಂತ್ರಾಂಶದಲ್ಲಿ ಬೆಸೆದು, ಬೆಸುಗೆಗಳನ್ನು ಪೂರ್ಣ ಗಾತ್ರದಲ್ಲಿ ಪರೀಕ್ಷಿಸಬೇಕು. ಬೆಸುಗೆ ಕಾಣದಂತೆ ಐದು ಚಿತ್ರಗಳು ಕೂಡಿಕೊಂಡವೆಂದರೆ, ಅದೇ ಕ್ರಮವನ್ನು ಸಂಜೆಯ ಹತ್ತು ಚಿತ್ರಗಳಿಗೆ ಒಯ್ಯಬಹುದು. ಕೂಡಿಕೊಳ್ಳದಿದ್ದರೆ, ಕ್ಯಾಮೆರಾದ ಯಾವ ಅಳತೆ ನಡುವೆ ಬದಲಾಯಿತು ಎಂಬುದನ್ನು ಹುಡುಕಿ ಸರಿಪಡಿಸಿಕೊಂಡ ಬಳಿಕವೇ ಸೂರ್ಯಾಸ್ತದ ಕಡೆಗೆ ಹೊರಡಬೇಕು.